ಇಂಗ್ಲೆಂಡಿನ ಕಂಬಗಳು, ಬೆಟಗೇರಿಯ ಕೆಮ್ಮು

ನನ್ನ ಗಂಡ ಇಂಗ್ಲೆಂಡಿಗೆ ಹೋದವರಲ್ಲ. ಸಮುದ್ರ ನೋಡಿದ್ದೇ ಒಮ್ಮೆ, ಗೋಕರ್ಣದಲ್ಲಿ. ಅದೂ ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ತೆರೆ ಬಂದಾಗಲೆಲ್ಲ ನನ್ನನ್ನು ಮುಂದೆ ಮಾಡಿ ತಾವು ಹಿಂದೆ ನಿಂತು. ಆದರೂ ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನ ಕಡಲ ದಂಡೆಗುಂಟ ನಿಂತಿದ್ದ ರಾಡಾರ್ ಕಂಬಗಳ ಬಗ್ಗೆ ಅವರನ್ನು ಕೇಳಿ ನೋಡಿ. ಬೇಡ, ಕೇಳಬೇಡಿ. ನೀವು ಕೇಳದಿದ್ದರೂ ಅವರು ಹೇಳುತ್ತಾರೆ.

ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಮದುವೆಗೆ ಮೊದಲು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಆ ಕಂಬಗಳ ಚಿತ್ರ ನೋಡಿದರಂತೆ. ಲಕ್ಷ್ಮೇಶ್ವರದಿಂದ ನನ್ನ ಫೋಟೋ ಬಂದದ್ದೂ ಆ ವಾರವೇ ಅಂತೆ. ಎರಡರಲ್ಲಿ ಯಾವುದನ್ನು ನೋಡಿ ಮನಸ್ಸು ಕಳೆದುಕೊಂಡರು ಅಂತ ನಾನು ಕೇಳಲು ಹೋಗಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಯಾಕೆ ಕೇಳಬೇಕು?

ನಿಮಗೂ ಸ್ವಲ್ಪ ತಿಳಿದಿರಲಿ. ನಾನೊಬ್ಬಳೇ ಯಾಕೆ ಅನುಭವಿಸಬೇಕು. ಯುದ್ಧಕ್ಕೆ ಮೊದಲೇ ಅಲ್ಲಿಯವರು ದಂಡೆಯ ಮೇಲೆ ಮುಗಿಲೆತ್ತರದ ಕಬ್ಬಿಣದ ಕಂಬಗಳನ್ನು ಸಾಲಾಗಿ ನೆಟ್ಟರು. ಅವು ಸಮುದ್ರದ ಕಡೆಗೆ ರೇಡಿಯೋ ಅಲೆ ಬಿಡುತ್ತಿದ್ದವು. ವೈರಿಯ ವಿಮಾನ ದೂರದಲ್ಲಿ ಹೊರಟಿದ್ದರೆ ಆ ಅಲೆ ಅದಕ್ಕೆ ಬಡಿದು ವಾಪಸು ಬರುತ್ತಿತ್ತು. ಬಂದದ್ದನ್ನು ಕಟ್ಟಿಗೆಯ ಕಂಬಗಳು ಹಿಡಿಯುತ್ತಿದ್ದವು. ಕೆಳಗಿನ ಸಣ್ಣ ಕೋಣೆಯಲ್ಲಿ ಒಬ್ಬ ಹುಡುಗಿ ಗಾಜಿನ ಪರದೆಯ ಮುಂದೆ ಕಣ್ಣು ಕೀಲಿಸಿ ಕೂತಿರುತ್ತಿದ್ದಳು. ಪರದೆಯ ಮೇಲೆ ಒಂದೇ ಒಂದು ಹಸಿರು ಗೆರೆ. ಗೆರೆಯಲ್ಲಿ ಎಲ್ಲಾದರೂ ತಗ್ಗು ಬಿದ್ದರೆ ವಿಮಾನ ಬಂತು ಅಂತ ಅರ್ಥ. ಆಕೆ ಕೂಡಲೇ ಫೋನಿನಲ್ಲಿ ಹೇಳಬೇಕು. ಆ ಕಡೆ ಇನ್ನೊಬ್ಬಳು ಕೇಳಿಸಿಕೊಂಡು ದೊಡ್ಡ ನಕಾಶೆಯ ಮೇಲೆ ಗುರುತು ಇಡಬೇಕು. ಇಷ್ಟೇ. ಇದನ್ನು ನಾನು ಒಂದು ಉಸಿರಿನಲ್ಲಿ ಹೇಳಿದೆ. ನಮ್ಮವರು ಬರೀ ಕಂಬದ ಕಾಲು ನೆಡುವಷ್ಟರಲ್ಲಿ ಚಹಾ ಆರಿ, ಕೆನೆ ಕಟ್ಟಿ, ಅದರಲ್ಲಿ ನೊಣ ಬಿದ್ದಿರುತ್ತದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ನಮ್ಮ ಬಳಗದವರ ಒಂದು ಮನೆಯನ್ನೂ ಅವರು ಬಿಟ್ಟಿಲ್ಲ. ನನ್ನ ತಮ್ಮನ ಮನೆಯ ವಾಸ್ತುಶಾಂತಿಯಲ್ಲಿ ಅಡುಗೆಯವನನ್ನು ಹಿಡಿದು ನಿಲ್ಲಿಸಿ ಹೇಳಿದರು. ಆವತ್ತು ಹೋಳಿಗೆಯ ಹೂರಣ ತಳ ಹಿಡಿಯಿತು. ಬಸ್ಸಿನಲ್ಲಿ ಕಪ್ಪತಗುಡ್ಡದ ಗಾಳಿಯಂತ್ರ ಕಂಡರೆ ಸಾಕು, ಪಕ್ಕದಲ್ಲಿ ಯಾರಿದ್ದರೂ ಅವರ ತೊಡೆ ತಟ್ಟಿ, "ಹೆಚ್ಚುಕಮ್ಮಿ ಅಷ್ಟ ಎತ್ತರ ಇದ್ದೂರಿ" ಅನ್ನುತ್ತಾರೆ. ಏನು ಅಷ್ಟು ಎತ್ತರ, ಎಲ್ಲಿ, ಯಾವಾಗ ಅಂತ ಆ ಪಾಪದ ಪ್ರಾಣಿ ಬಾಯಿ ತಪ್ಪಿ ಕೇಳಿದರೆ ಮುಗಿಯಿತು, ಅವನ ಊರು ಹಿಂದೆ ಹೋಗುತ್ತದೆ. ಒಬ್ಬ ಕಂಡಕ್ಟರ್ ಅಂತೂ ನಮ್ಮನ್ನು ಕಂಡರೆ ಹಿಂದಿನ ಬಾಗಿಲಿನಿಂದಲೇ ಟಿಕೆಟ್ ಕೊಟ್ಟು ಪಾರಾಗುತ್ತಿದ್ದ.

ಹೀಗಿರುವಾಗ ಹುಟ್ಟಿದ್ದು ನನ್ನ ಕೆಮ್ಮು.

ಶಿರಹಟ್ಟಿಯಲ್ಲಿ ಒಂದು ನಿಶ್ಚಯಕ್ಕೆ ಹೋಗಿದ್ದೆವು. ಎಲೆ ಹಾಕಿದೆ, ಅನ್ನ ಬಡಿಸಿದೆ, ವರನ ಅಪ್ಪನ ಕೈ ತುತ್ತು ಕಲಸಿ ತಯಾರಾಗಿದೆ, ನಮ್ಮವರು ಅವರ ಪಕ್ಕದಲ್ಲಿ ಕೂತು ಹಸಿರು ಗೆರೆಗೆ ಬಂದು ಮುಟ್ಟಿದ್ದಾರೆ. ಆ ಮನುಷ್ಯನ ಮುಖ ನೋಡಬೇಕಿತ್ತು. ಸಂಬಂಧವೇ ಬೇಡ ಅಂದಾರು ಅಂತ ನನಗೆ ಹೆದರಿಕೆಯಾಯಿತು. ಹೆಣ್ಣುಮಕ್ಕಳ ಸಾಲಿನಿಂದ ಜೋರಾಗಿ ಕೆಮ್ಮಿದೆ. ಇವರು ಅಲ್ಲಿಗೇ ನಿಲ್ಲಿಸಿದರು. ವಾಪಸು ಬರುವಾಗ ಬೈಸಿಕೊಳ್ಳುವುದಕ್ಕೆ ನಾನು ತಯಾರಾಗಿದ್ದರೆ, ಇವರು ಬಹಳ ಖುಷಿಯಲ್ಲಿ, "ಚಲೋ ಮಾಡಿದಿ. ನನಗ ಮಂದಿ ಮಾರಿ ನೋಡಿ ತಿಳಿಯಂಗಿಲ್ಲ. ಇನ್ನ ಮ್ಯಾಲ ಬ್ಯಾಸರಾಗಿದ್ದು ಕಂಡ್ರ ಕೆಮ್ಮಿಬಿಡು. ನೀನ ನನ್ನ ರಾಡಾರ್" ಅಂದರು. ಬೇರೆಯವರ ಗಂಡಂದಿರು ಹೆಂಡತಿಗೆ ಬಂಗಾರ ಅನ್ನುತ್ತಾರಂತೆ, ಮುತ್ತು ಅನ್ನುತ್ತಾರಂತೆ. ನನ್ನ ಹಣೆಬರಹ ನೋಡಿ.

ಅಂದಿನಿಂದ ಎಲ್ಲಿ ಹೋದರೂ ನಾನು ಕಡೆಯ ಸಾಲಿನಲ್ಲಿ ಕೂರುತ್ತೇನೆ. ಯಾರು ಆಕಳಿಸಿದರು, ಯಾರು ಮೊಬೈಲು ತೆಗೆದರು, ಯಾರು ಚಪ್ಪಲಿಗೆ ಕಾಲು ಚಾಚಿದರು, ಎಲ್ಲಾ ಅಲ್ಲಿಂದ ಕಾಣುತ್ತದೆ. ಒಮ್ಮೆ ಕೆಮ್ಮಿದರೆ ಜಲ್ದಿ ಮುಗಿಸಿ ಅಂತ, ಎರಡು ಸಲ ಕೆಮ್ಮಿದರೆ ಈಗಲೇ ಇಳಿಯಿರಿ ಅಂತ. ಈ ವ್ಯವಸ್ಥೆಯ ಲಾಭ ಅವರಿಗೆ, ಕಷಾಯ ನನಗೆ. ಬಳಗದವರೆಲ್ಲ ನನಗೆ ಎದೆಯ ರೋಗ ಅಂತ ನಿಕ್ಕಿ ಮಾಡಿಬಿಟ್ಟರು. ಒಬ್ಬರು ಆಡುಸೋಗೆ ತಂದುಕೊಟ್ಟರು, ಒಬ್ಬರು ಜ್ಯೇಷ್ಠಮಧು. ಲಕ್ಷ್ಮೇಶ್ವರದ ನಮ್ಮ ಚಿಗವ್ವ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, "ಖರೆ ಹೇಳವಾ, ಡಾಕ್ಟರು ಏನಂದಾರ?" ಅಂತ ಕಣ್ಣಲ್ಲಿ ನೀರು ತಂದಳು. ಡಾಕ್ಟರು ಏನು ಅಂದಾರು! ನನ್ನ ರೋಗ ಪ್ಯಾಂಟು ಹಾಕಿಕೊಂಡು ಹೊರಗೆ ಕೂತು ನಿಮ್ಮ ಗಂಡನಿಗೆ ಭಾಷಣ ಮಾಡುತ್ತಿದೆ ಅಂತ ಹೇಳಲೇ?

ಇತ್ತೀಚೆಗೆ ಇವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಅಂದರೆ ಹೆದರಿ ಜೀವ ಬಿಡುತ್ತಾರೆ. ಬದಲಿಗೆ ದಿನಾ ಗಜ್ಜರಿ, ಅಂದರೆ ಕ್ಯಾರೆಟ್ಟು, ತಿನ್ನುತ್ತಾರೆ. ತಮಾಷೆ ಏನೆಂದರೆ, ಯುದ್ಧದಲ್ಲಿ ತಮ್ಮ ವಿಮಾನದವರಿಗೆ ಗಜ್ಜರಿ ತಿಂದು ಕತ್ತಲಲ್ಲೂ ಕಣ್ಣು ಕಾಣುತ್ತದೆ ಅಂತ ಇಂಗ್ಲೆಂಡಿನವರೇ ಪುಕಾರು ಹಬ್ಬಿಸಿದ್ದರಂತೆ, ರಾಡಾರಿನ ಗುಟ್ಟು ಹೊರಬೀಳಬಾರದು ಅಂತ. ಅದು ಶುದ್ಧ ಸುಳ್ಳು ಅಂತ ಇವರೇ ಊರಿಗೆಲ್ಲ ಹೇಳಿದ್ದಾರೆ. ಹೇಳಿ, ಮನೆಗೆ ಬಂದು, ಗಜ್ಜರಿ ಎಲ್ಲಿ ಅಂತ ಕೇಳುತ್ತಾರೆ.

ಮುಂಡರಗಿಯ ಕಾಲೇಜಿನಿಂದ ಫೋನು ಬಂದದ್ದು ಇಂಥ ದಿನಗಳಲ್ಲಿ. ಅಲ್ಲಿ ಕಲಿಸುವ ಒಬ್ಬರು ಇವರ ಹಳೆಯ ವಿದ್ಯಾರ್ಥಿ. ಕಾಲೇಜಿನ ವಿಜ್ಞಾನ ದಿನಕ್ಕೆ ಕರೆದು, "ಆ ಇಂಗ್ಲೆಂಡಿನ ಕಂಬದ್ದು ಹೇಳ್ರಿ ಸರ್, ಒಂದು ತಾಸು" ಅಂದರಂತೆ. ಒಂದು ತಾಸು! ಇವರು ಫೋನು ಇಟ್ಟ ಮೇಲೂ ಹೂಂ ಅನ್ನುತ್ತಲೇ ಇದ್ದರು. ಜನ್ಮದಲ್ಲಿ ಯಾರೂ ಕೇಳದೇ ಹೇಳಿಕೊಂಡು ಬಂದವರಿಗೆ ಮೊದಲ ಸಲ ಯಾರೋ ಕೇಳುತ್ತೇವೆ ಅಂದಿದ್ದರು.

ಆಮೇಲೆ ನಮ್ಮ ಮನೆಯಲ್ಲಿ ಯುದ್ಧವೇ ಶುರುವಾಯಿತು ಅನ್ನಿ. ಕನ್ನಡಿಯ ಮುಂದೆ ಭಾಷಣ, ಉಕ್ಕುವ ಹಾಲಿನ ಮುಂದೆ ಭಾಷಣ. ಹುಡುಗರಿಗೆ ತೋರಿಸಲು ಕಂಬಗಳ ಮಾದರಿ ಬೇಕು ಅಂತ ನನ್ನ ಹೊಸ ಕಸಬರಿಗೆ ಬಿಚ್ಚಿ, ಅದರ ಕಡ್ಡಿಗಳನ್ನು ದಾರದಿಂದ ಬಿಗಿದು ಅಡ್ಡಹಲಗೆಯ ಮೇಲೆ ನಿಲ್ಲಿಸಿದರು. ನಾನು ಹಳೆಯ ಮೋಟು ಕಸಬರಿಗೆಯಿಂದ ಬಗ್ಗಿ ಬಗ್ಗಿ ಕಸ ಹೊಡೆದೆ. ಸೊಂಟ ಹಿಡಿಯಿತು. ದೇಶಸೇವೆ ಅಂದರೆ ಅಷ್ಟೂ ಮಾಡಬೇಕಲ್ಲ, ಅದು ಇಂಗ್ಲೆಂಡ್ ದೇಶದ್ದೇ ಆದರೂ.

ಹೊರಡುವ ದಿನ ಆ ಮಾದರಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತಿದ್ದರು. ಕಪ್ಪತಗುಡ್ಡದ ಗಾಳಿಯಂತ್ರಗಳು ಬಂದವು, ಹೋದವು. ಯಾರ ತೊಡೆಯನ್ನೂ ತಟ್ಟಲಿಲ್ಲ. ನನಗೆ ಗಾಬರಿಯಾಯಿತು.

"ಯಾಕ್ರೀ, ಆರಾಮಿಲ್ಲೇನು?" ಅಂದೆ.

"ಹಂಗೇನಿಲ್ಲ" ಅಂದರು. ಮಾದರಿಯನ್ನು ಸರಿಮಾಡಿ ಹಿಡಿದುಕೊಂಡು, "ಇಷ್ಟು ವರ್ಷಾತು, ಈ ಕತಿ ಕಡೀತನಕ ಒಮ್ಮೆನೂ ಹೇಳಿಲ್ಲ ನಾನು. ಯಾರೂ ಕಡೀತನಕ ಕೇಳಿಲ್ಲ. ಇವತ್ತೊಂದು ದಿನ ಹೇಳಿ ಮುಗಸ್ಬೇಕು ಅಂತ ಭಾಳ ಆಸೆ ಐತಿ ನೋಡು" ಅಂದರು.

"ಮಂದಿ ಬ್ಯಾಸರಾದ್ರ ನಾ ಕೆಮ್ಮಾಕಿನ, ಈಗ ಹೇಳ್ತೀನಿ" ಅಂದೆ.

"ಕೆಮ್ಮು. ಬ್ಯಾಡ ಅಂದೆನೇನು" ಅಂದರು, ಕಿಟಕಿಯ ಕಡೆ ಮುಖ ತಿರುಗಿಸಿ.

ಆಗ ನನಗೆ ಹೊಳೆದದ್ದು, ಈ ಕತೆಯ ಕಡೆ ಏನು ಅಂತ ನನಗೂ ಗೊತ್ತಿಲ್ಲ ಅಂತ. ಹುಡುಗಿ ಫೋನೆತ್ತಿ, ಇನ್ನೊಬ್ಬಳು ನಕಾಶೆಯ ಮೇಲೆ ಗುರುತು ಇಡುವ ತನಕ ನನಗೆ ಬಾಯಿಪಾಠ. ಅದರ ಮುಂದೆ ಅವರು ಯಾವತ್ತೂ ಹೋಗಿರಲಿಲ್ಲ.

ಮುಂಡರಗಿಗೆ ಹೇಳಿದ ಹೊತ್ತಿಗೆ ಮುಟ್ಟಿದೆವು. ಹೇಳಿದ ಹೊತ್ತಿಗೆ ಮುಟ್ಟಿದವರು ನಾವಿಬ್ಬರೇ. ಬಾಡಿಗೆಯವರು ಇನ್ನೂ ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದರು. ಮುಖ್ಯ ಅತಿಥಿಗಳು ಲಕ್ಷ್ಮೇಶ್ವರದಿಂದ ಬರುವ ದೊಡ್ಡ ಮನುಷ್ಯರು. ಅವರು ಬರದೇ ಶುರು ಮಾಡುವಂತಿಲ್ಲ. ಸಂಘಟಕರ ಫೋನಿಗೆ ಖಬರು ಬರುತ್ತಲೇ ಇತ್ತು. "ಲಕ್ಷ್ಮೇಶ್ವರ ಬಿಟ್ಟಾರ." "ಶಿರಹಟ್ಟಿ ದಾಟ್ಯಾರ." "ಇನ್ನೇನ್ ಬಂದ್ರು." ಇಂಗ್ಲೆಂಡಿನವರಿಗೆ ಇಂಥ ಏರ್ಪಾಟು ಇದ್ದಿದ್ದರೆ ಕಬ್ಬಿಣದ ಖರ್ಚಾದರೂ ಉಳಿಯುತ್ತಿತ್ತು. ಒಂದೇ ಊನ: ಶಿರಹಟ್ಟಿ ದಾಟಿದ್ದಾರೆ ಅಂತ ಸುದ್ದಿ ಬಂದಾಗ ಅವರು ಲಕ್ಷ್ಮೇಶ್ವರದಲ್ಲಿ ಊಟಕ್ಕೆ ಕೂತಿದ್ದರಂತೆ. ಹುಡುಗರು ಕುರ್ಚಿಯಲ್ಲಿ ಬೆವರುತ್ತ ಕಾದರು. ಬಿಸಿಲು ಇಳಿಯುವಾಗ ಅತಿಥಿಗಳ ಕಾರು ಬಂತು.

ಪ್ರಾರ್ಥನೆ ಆಯಿತು. ದೀಪ ಹಚ್ಚಿದರು, ಫ್ಯಾನಿನ ಗಾಳಿಗೆ ಆರಿತು, ಫ್ಯಾನು ಬಂದ್ ಮಾಡಿ ಮತ್ತೆ ಹಚ್ಚಿದರು, ಫ್ಯಾನು ಹಚ್ಚುವುದನ್ನು ಮರೆತರು. ಸ್ವಾಗತ, ಪರಿಚಯ, ಮತ್ತೆ ಪರಿಚಯ ಮಾಡಿದವರ ಪರಿಚಯ. ಆಮೇಲೆ ಸನ್ಮಾನ. ನಮ್ಮ ಕಡೆ ಸನ್ಮಾನ ಅಂದರೆ ವೇದಿಕೆಯ ಮೇಲಿದ್ದವರಿಗೆ ಮಾತ್ರ ಮಾಡಿದರೆ ಕೆಳಗಿದ್ದವರಿಗೆ ಬೇಜಾರು, ಮೊದಲ ಸಾಲಿಗೆ ಮಾಡಿದರೆ ಎರಡನೆಯ ಸಾಲು ಮುಖ ಊದಿಸುತ್ತದೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಇವರ ತಲೆಗೂ ಒಂದು ಪೇಟ ಕೂರಿಸಿದರು. ಅದು ಯಾರ ಅಳತೆಯದೋ, ಕನ್ನಡಕದ ಮೇಲೆ ಇಳಿದು ಕೂತಿತು. ಅತಿಥಿಗಳ ಹಿಂಬಾಲಕನೊಬ್ಬ ಹಣ್ಣಿನ ಬುಟ್ಟಿ ಇಡಲು ಜಾಗ ಹುಡುಕಿ, ಮೇಜಿನ ಮೇಲಿದ್ದ ನನ್ನ ಕಸಬರಿಗೆಯ ಮೇಲೇ ಇಟ್ಟ. ಕರಕ್ ಅಂತ ಸಪ್ಪಳ ನನಗೆ ಕಡೆಯ ಸಾಲಿಗೆ ಕೇಳಿಸಿತು. ಇಂಗ್ಲೆಂಡಿನ ದಂಡೆ ಬಾಳೆಹಣ್ಣಿನ ಕೆಳಗೆ ಮುಗಿಯಿತು.

ಮುಖ್ಯ ಅತಿಥಿಗಳು ಮಾತಾಡಿದರು. ವಿಜ್ಞಾನ ಬಹಳ ಮುಖ್ಯ ಅಂದರು. ತಮಗೆ ಶಾಲೆಯಲ್ಲಿ ವಿಜ್ಞಾನ ಹತ್ತಲಿಲ್ಲ, ಆದರೂ ಹೇಗೆ ಮುಂದೆ ಬಂದೆ ನೋಡಿ ಅಂತ ವಿವರವಾಗಿ ಹೇಳಿದರು. ಕಡೆಗೆ ತಮಗೆ ಗದಗಿನಲ್ಲಿ ಇನ್ನೊಂದು ಕಾರ್ಯಕ್ರಮ ಇದೆ ಅಂತ ಎದ್ದರು. ಸಂಘಟಕರ ಮುಖದ ಬಣ್ಣ ಇಳಿಯಿತು. ಅತಿಥಿಗಳು ಹೋದ ಮೇಲೆ ವಂದನಾರ್ಪಣೆ ಮಾಡಿದರೆ ಅವರನ್ನು ವಂದಿಸಿದಂತೆ ಆಗುವುದು ಹೇಗೆ? ಆದ್ದರಿಂದ ವಂದನಾರ್ಪಣೆಯನ್ನು ಮೊದಲೇ ಮಾಡಿ ಮುಗಿಸುವುದು ಅಂತ ವೇದಿಕೆಯ ಮೇಲೆ ಪಿಸುಪಿಸು ನಿರ್ಧಾರವಾಯಿತು.

ಬರೆದುಕೊಂಡು ಬಂದಿದ್ದ ಮೇಡಮ್ಮು ಬರೆದುಕೊಂಡಿದ್ದನ್ನೇ ಓದಿದರು. ಶಾಮಿಯಾನದವರಿಗೆ, ಮೈಕಿನವರಿಗೆ, ಭಜಿ ಮಾಡಿದವರಿಗೆ ವಂದನೆ. ಆಮೇಲೆ ನಮ್ಮವರ ಕಡೆ ತಿರುಗಿ, "ಇಷ್ಟು ಹೊತ್ತು ರಾಡಾರ್ ಕುರಿತು ಸುದೀರ್ಘವಾಗಿ ಮಾತನಾಡಿ ನಮ್ಮೆಲ್ಲರನ್ನೂ ಮಂತ್ರಮುಗ್ಧರನ್ನಾಗಿ ಮಾಡಿದ ಗುರುಗಳಿಗೆ ಹೃತ್ಪೂರ್ವಕ ವಂದನೆಗಳು" ಅಂದರು. ಸಭೆ ಚಪ್ಪಾಳೆ ತಟ್ಟಿತು. ಇವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ನನಗೋ, ನಗಬೇಕೋ ಆ ಮೇಡಮ್ಮನ ಜಡೆ ಹಿಡಿಯಬೇಕೋ ತಿಳಿಯಲಿಲ್ಲ.

ವಂದನಾರ್ಪಣೆ ಅಂದ ಮೇಲೆ ನಮ್ಮ ಜನ ಕೂರುತ್ತಾರೆಯೇ? ಭೂಮಿ ಬಾಯಿಬಿಟ್ಟರೂ ಕೂರುವುದಿಲ್ಲ. ಅತಿಥಿಗಳು ಕಾರಿಗೆ ನಡೆದರು, ಅವರ ಹಿಂದೆ ಪ್ರಾಧ್ಯಾಪಕರು, ಫೋಟೋದವರು. ಪಕ್ಕದ ಕೋಣೆಯಿಂದ ಮಿರ್ಚಿ ಭಜಿಯ ವಾಸನೆ ಬಂತು. ಉಳಿದವರು ಅತ್ತ ಹೋದರು. ಹೊರಗೆ ಸಿಂಗಟಾಲೂರಿನ ಬಸ್ಸು ಹಾರ್ನ್ ಹೊಡೆಯಿತು. ಹಳ್ಳಿಯ ಹುಡುಗರು ಚೀಲ ಹೆಗಲಿಗೇರಿಸಿ ಓಡಿದರು. ಅವರನ್ನು ಅನ್ನುವುದು ತಪ್ಪು, ಆ ಬಸ್ಸು ತಪ್ಪಿದರೆ ಊರು ಸೇರುವುದು ಕಷ್ಟ. ಹಳೆಯ ವಿದ್ಯಾರ್ಥಿ ಮೈಕಿಗೆ ಬಾಯಿ ಹಚ್ಚಿ, "ಈಗ ಉಪನ್ಯಾಸ. ಸರ್, ನೀವು ಶುರು ಮಾಡ್ರಿ, ನಾ ಸಾಹೇಬರನ್ನ ಕಾರಿಗೆ ಬಿಟ್ಟು ಬಂದೆ" ಅಂದು ಜಿಗಿದು ಹೋದ. ಆ ಕಾರು ಎಲ್ಲಿ ನಿಂತಿತ್ತೋ, ಅವನು ಮತ್ತೆ ಬರಲಿಲ್ಲ.

ಇವರು ಎದ್ದು ಮೈಕಿನ ಮುಂದೆ ಬಂದರು. ಎರಡು ದೊಡ್ಡ ದೀಪ ಮುಖಕ್ಕೆ ಹೊಡೆಯುತ್ತಿದ್ದವು. ಪೊರೆ ಬಂದ ಕಣ್ಣು, ಮೇಲೆ ಪೇಟ. ಕೆಳಗೆ ಜಾತ್ರೆ ಇದೆಯೋ ಬಯಲಿದೆಯೋ ಅವರಿಗೆ ಕಾಣುವಂತಿರಲಿಲ್ಲ. ಗಂಟಲು ಸರಿ ಮಾಡಿಕೊಂಡು, "ಪ್ರೀತಿಯ ವಿದ್ಯಾರ್ಥಿಗಳೇ" ಅಂದರು.

ಕೆಮ್ಮು ನನ್ನ ಗಂಟಲಿಗೆ ಬಂದಿತ್ತು. ಒಂದಲ್ಲ, ಎರಡಲ್ಲ, ಇದಕ್ಕೆ ಬೊಬ್ಬೆ ಹಾಕಿ ಕೆಮ್ಮಬೇಕಿತ್ತು. ಕೆಮ್ಮಿದ್ದರೆ ಅವರು ನಿಲ್ಲಿಸುತ್ತಿದ್ದರು. ಮಾತು ಕೇಳುವವರೇ ಅವರು, ಆ ವಿಷಯದಲ್ಲಿ ಒಳ್ಳೆಯವರು. ಆದರೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಸಿದ ಆ ಮುಖ ನೆನಪಾಯಿತು. ಕರೆದು ಪೇಟ ತೊಡಿಸಿ ಹೀಗೆ ಮಾಡಿದರಲ್ಲ ಅಂತ ಸಿಟ್ಟು ಬಂತು. ಅಳುವೂ ಬಂತು. ಎರಡನ್ನೂ ಕೆಮ್ಮನ್ನೂ ಸೇರಿಸಿ ನುಂಗಿ ಕೂತೆ.

ಬಾಡಿಗೆಯವರು ಕುರ್ಚಿ ಎತ್ತಲು ಶುರು ಮಾಡಿದರು. ಒಂದರೊಳಗೊಂದು ಸೇರಿಸಿ, ಎಳೆದು, ಗೋಡೆಗೆ ನೂಕಿ, ಸಾಲು ಸಾಲಾಗಿ ನನ್ನತ್ತ ಬಂದರು. ಇವರ ಭಾಷಣ ಆಗ ಕಟ್ಟಿಗೆಯ ಕಂಬದ ಹತ್ತಿರ ಬಂದಿತ್ತು.

"ಅಮ್ಮಾರ, ಸ್ವಲ್ಪ ಏಳ್ರಿ, ಕುರ್ಚಿ ಬೇಕಾಗೈತಿ" ಅಂದ ಒಬ್ಬ.

"ಅವರ ಭಾಷಣ ಮುಗಿಯೂತನಕ ಈ ಕುರ್ಚಿ ನಂದು. ಮುಟ್ಟು ನೋಡೂಣು" ಅಂದೆ.

ಅವನು ವೇದಿಕೆ ನೋಡಿದ, ಖಾಲಿ ಹಾಲ್ ನೋಡಿದ, ನನ್ನ ಮುಖ ನೋಡಿದ. "ಆತ್ರಿ, ಆತ್ರಿ" ಅಂದ. ಆಮೇಲೆ ಕುರ್ಚಿಗಳನ್ನು ಎಳೆಯದೆ ಎತ್ತಿ ಎತ್ತಿ ಇಟ್ಟ. ಅಷ್ಟು ಮರ್ಯಾದೆಯನ್ನು ಆ ದಿನ ಇನ್ನಾರೂ ತೋರಿಸಿರಲಿಲ್ಲ.

ಇವರು ಹುಡುಗಿ ಫೋನೆತ್ತುವಲ್ಲಿಗೆ ಬಂದರು, ನಕಾಶೆಯ ಗುರುತನ್ನೂ ದಾಟಿದರು. ಅಲ್ಲಿಂದ ಮುಂದೆ ನನಗೆ ಹೊಸದು. ಆ ಕಂಬಗಳು ಸಮುದ್ರದ ಕಡೆಗೆ ಮಾತ್ರ ನೋಡುತ್ತಿದ್ದವಂತೆ. ವಿಮಾನ ದಂಡೆ ದಾಟಿ ಊರ ಮೇಲೆ ಬಂತೆಂದರೆ ಅವುಗಳಿಗೆ ಏನೂ ಕಾಣದು. ಅಲ್ಲಿಂದ ಮುಂದೆ ದಿಬ್ಬದ ಮೇಲೆ ನಿಂತು ಕಣ್ಣಿಂದ ನೋಡಿ, ಮೋಡ ಇದ್ದರೆ ಕಿವಿಯಿಂದ ಕೇಳಿ ಹೇಳುವವರು ಬೇರೆ ಇದ್ದರಂತೆ. ಕಡೆಗೆ ವೈರಿಗಳು ಆ ಕಂಬಗಳ ಮೇಲೇ ಬಾಂಬು ಹಾಕಲು ಬಂದರು. ಕಂಬಗಳು ಬರೀ ಸರಳಿನ ಚೌಕಟ್ಟು, ಸ್ಫೋಟದ ಗಾಳಿ ನಡುವಿನಿಂದ ತೂರಿ ಹೋಯಿತು. ಬಹಳಷ್ಟು ಬೀಳಲೇ ಇಲ್ಲ. ಆದರೆ ಸುತ್ತಲಿನ ಗುಡಿಸಲುಗಳು ಬಿದ್ದವು. ಒಬ್ಬ ಹುಡುಗಿ ತನ್ನ ತಲೆಯ ಮೇಲೆ ಬಾಂಬು ಬೀಳುತ್ತಿದ್ದರೂ ಏಳಲಿಲ್ಲ, ಫೋನು ಹಿಡಿದುಕೊಂಡು ಹೇಳುತ್ತಲೇ ಇದ್ದಳಂತೆ. "ಯಾಕ ಹೇಳಿದ್ಲು ಗೊತ್ತೈತೇನು?" ಅಂತ ಇವರು ಖಾಲಿ ಹಾಲಿಗೆ ಕೇಳಿದರು. ಭಾಷಣದ ಭಾಷೆ ಬಿಟ್ಟು ಮನೆಯ ಭಾಷೆಗೆ ಇಳಿದಿದ್ದರು. "ಆ ಕಡೆ ಒಬ್ಬಾಕಿ ಕೇಳಾಕತ್ತಾಳ ಅಂತ ಗೊತ್ತಿತ್ತು. ಅದಕ್ಕ."

ಅಲ್ಲಿಗೆ ಕತೆ ಮುಗಿಯಿತು. ನಾನು ಚಪ್ಪಾಳೆ ತಟ್ಟಿದೆ. ಕುರ್ಚಿಯವನೂ ಕೈಯಲ್ಲಿದ್ದದ್ದು ಕೆಳಗಿಟ್ಟು ತಟ್ಟಿದ. ಇವರು ಎಲ್ಲಾ ದಿಕ್ಕಿಗೂ ಕೈಮುಗಿದು, ಮೇಜಿನ ಮೇಲೆ ತಡಕಾಡಿ, ಬುಟ್ಟಿಯ ಕೆಳಗಿನಿಂದ ಮುರಿದ ಕಡ್ಡಿಗಳನ್ನು ತೆಗೆದುಕೊಂಡು ಇಳಿದು ಬಂದರು.

ಗದಗಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪೇಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರೊಳಗೆ ಕಡ್ಡಿಗಳನ್ನು ಹಾಕಿಕೊಂಡಿದ್ದರು. ನಾನು ಮುಂಡರಗಿ ದಾಟುವತನಕ ಮಾತು ಹೊಂದಿಸಿಕೊಂಡೆ.

"ಭಾಳ ಚಲೋ ಆತ್ರಿ. ನಡುವ ಒಬ್ಬರೂ ಎದ್ದು ಹೋಗ್ಲಿಲ್ಲ" ಅಂದೆ.

"ಹೌದು. ಇದ್ದಾಕಿ ಒಬ್ಬಾಕಿ, ಆಕಿ ಏಳಲಿಲ್ಲ" ಅಂದರು.

ಅವರು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ಪೊರಿ ಬಂದಿದ್ದು ಕಣ್ಣಿಗೆ, ಕಿವಿಗಲ್ಲ. ಕುರ್ಚಿ ಎತ್ತೂದು ಮೊದಲಿಂದ ಕೇಳಿಸ್ತು" ಅಂದರು.

"ಮತ್ತ ಹೇಳ್ಕೋತ ಯಾಕ ನಿಂತ್ರಿ?"

"ನೀ ಕೆಮ್ಮಲಿಲ್ಲಲ್ಲ."